350 ಅಂದರೆ ಯಾವ 350? ಅಮೆರಿಕನ್ ಎಂಜಿನ್‌ಗಳ ಅಳತೆ ಮತ್ತು ಹೊಂದಾಣಿಕೆ

ಬದಲಿ ಎಂಜಿನ್ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಒಂದು ಸಂಖ್ಯೆ. 350, 302, 5.7, 5.9. ಸಂಖ್ಯೆ ಹೊಂದಿತು ಎಂದರೆ ಎಂಜಿನ್ ಹೊಂದಿತು ಎಂದುಕೊಂಡು ದುಡ್ಡು ಕೊಟ್ಟು ತಂದು, ಹಾಯಿಸ್ಟ್‌ಗೆ ನೇತುಹಾಕಿದ ಮೇಲೆ ಗೇರ್‌ಬಾಕ್ಸಿನ ಬೋಲ್ಟ್ ರಂಧ್ರಗಳೇ ಕೂಡುವುದಿಲ್ಲ ಎಂದು ಗೊತ್ತಾಗುವುದು ಈ ಕೆಲಸದಲ್ಲಿ ತೀರಾ ಸಾಮಾನ್ಯ. ಡಿಸ್‌ಪ್ಲೇಸ್‌ಮೆಂಟ್ ಎಂದರೆ ಪಿಸ್ಟನ್‌ಗಳು ಕೆಳಗಿನಿಂದ ಮೇಲಕ್ಕೆ ಹೋಗುವಾಗ ಆವರಿಸುವ ಒಟ್ಟು ಜಾಗ, ಅಷ್ಟೇ. ಎಂಜಿನ್ ಯಾವ ಕುಲದ್ದು, ಹಿಂಬದಿಗೆ ಯಾವ ಗೇರ್‌ಬಾಕ್ಸ್ ಕೂರುತ್ತದೆ, ಯಾವ ಕಂಪ್ಯೂಟರ್‌ಗೆ ಅದರ ಭಾಷೆ ಅರ್ಥವಾಗುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಲೆಕ್ಕ ಹಾಕುವುದು

ಬೋರ್ ಎಂದರೆ ಸಿಲಿಂಡರಿನ ವ್ಯಾಸ, ಸ್ಟ್ರೋಕ್ ಎಂದರೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ. ಸೂತ್ರ ಇಷ್ಟೇ: ಬೋರ್ × ಬೋರ್ × ಸ್ಟ್ರೋಕ್ × 0.7854 × ಸಿಲಿಂಡರ್‌ಗಳ ಸಂಖ್ಯೆ. ಅಳತೆ ಇಂಚಿನಲ್ಲಿದ್ದರೆ ಉತ್ತರ ಘನ ಇಂಚಿನಲ್ಲಿ ಬರುತ್ತದೆ. ಷೆವ್ರೊಲೆ 350ರ ಬೋರ್ 4.00, ಸ್ಟ್ರೋಕ್ 3.48. ಗುಣಿಸಿದರೆ 349.8. ಇದನ್ನು 16.387ರಿಂದ ಗುಣಿಸಿದರೆ ಸುಮಾರು 5,733 ಸಿಸಿ, ಅಂದರೆ 5.7 ಲೀಟರ್. ಲೀಟರಿನಿಂದ ಹಿಂದಕ್ಕೆ ಹೋಗಬೇಕಾದರೆ 61.02ರಿಂದ ಗುಣಿಸಿ. ಆದರೆ ಲೀಟರ್ ಸಂಖ್ಯೆಯನ್ನು ಮೊದಲೇ ಒಂದು ದಶಮಾಂಶಕ್ಕೆ ಇಳಿಸಿರುವುದರಿಂದ ಆ ದಾರಿಯಲ್ಲಿ ಸಿಗುವುದು ಅಂದಾಜು ಮಾತ್ರ.

ಎಂಜಿನ್ ಬಿಚ್ಚಿದ್ದರೆ ಬೋರನ್ನು ಬೋರ್ ಗೇಜ್‌ನಿಂದ ಅಳೆಯಿರಿ, ಸಿಲಿಂಡರಿನ ಮೇಲ್ತುದಿಯ ಸವೆದ ಅಂಚಿನ ಕೆಳಗೆ. ಸ್ಟ್ರೋಕ್‌ಗೆ ಪಿಸ್ಟನ್ ಪೂರ್ತಿ ಮೇಲಿದ್ದಾಗ ಮತ್ತು ಪೂರ್ತಿ ಕೆಳಗಿದ್ದಾಗ ಬ್ಲಾಕಿನ (ಸಿಲಿಂಡರ್‌ಗಳಿರುವ ಮುಖ್ಯ ಎರಕದ) ಮೇಲ್ಮೈಯಿಂದ ಆಳ ತೆಗೆದುಕೊಂಡು ಕಳೆಯಿರಿ. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚದೆ ಸ್ಪಾರ್ಕ್ ಪ್ಲಗ್ ರಂಧ್ರದಿಂದ ಕಡ್ಡಿ ಇಳಿಸಿ ಅಳೆಯುವ ಉಪಾಯ ಬಹಳ ಹಳೆಯದು. ಹೆಚ್ಚಿನ ವಿ8ಗಳಲ್ಲಿ ರಂಧ್ರ ಓರೆಯಾಗಿರುವುದರಿಂದ ಕಡ್ಡಿ ತೋರಿಸುವ ಅಂಕಿ ನಿಜವಾದ ಸ್ಟ್ರೋಕ್ ಅಲ್ಲ. 3.00 ಮತ್ತು 3.75ರ ನಡುವಿನ ಅಂತರ ಅದರಿಂದ ತಿಳಿಯಬಹುದು, 3.48 ಮತ್ತು 3.50ರದ್ದು ಖಂಡಿತ ತಿಳಿಯದು.

ಹಿಂದೆ ಒಮ್ಮೆ ರಿಪೇರಿಯಾದ ಬ್ಲಾಕ್ ಇದ್ದರೆ ಬೋರ್ ದೊಡ್ಡದಾಗಿರುತ್ತದೆ. 350ಕ್ಕೆ 0.030 ಇಂಚು ಹೆಚ್ಚು ಕೊರೆದರೆ 355, 0.060 ಕೊರೆದರೆ 360. ಅದೇ 4.030 ಬೋರಿಗೆ 3.75 ಸ್ಟ್ರೋಕಿನ ಕ್ರ್ಯಾಂಕ್ (ಪಿಸ್ಟನ್‌ಗಳ ಚಲನೆಯನ್ನು ತಿರುಗುವಿಕೆಯಾಗಿಸುವ ದಂಡ) ಹಾಕಿದರೆ ಹೆಸರಾಂತ 383 ಸ್ಟ್ರೋಕರ್, ಅಂದರೆ ಸ್ಟ್ರೋಕ್ ಹೆಚ್ಚಿಸಿದ ಎಂಜಿನ್. (ಕ್ರೈಸ್ಲರ್‌ಗೂ ಒಂದು 383 ಇತ್ತು: ಬೋರ್ 4.25, ಸ್ಟ್ರೋಕ್ 3.375. ಷೆವ್ರೊಲೆ ಅಲಿಯಾಸ್ ಷೆವಿಯ ಸ್ಟ್ರೋಕರ್‌ಗೂ ಅದಕ್ಕೂ ಒಂದು ಬೋಲ್ಟ್ ಕೂಡ ಕೂಡುವುದಿಲ್ಲ.) ಫೋರ್ಡ್ ಕಡೆ 302ರ ಬ್ಲಾಕಿನಲ್ಲಿ 4.030 × 3.40 ಆದರೆ 347. 351 ವಿಂಡ್ಸರ್ ಬ್ಲಾಕಿನಲ್ಲಿ 4.030 × 4.00 ಆದರೆ 408. ಮಾರುವವರು "408" ಎಂದರೆ ಯಾವ ಬ್ಲಾಕ್ ಎಂದು ಮೊದಲು ಕೇಳಬೇಕು. ಬಿಡಿಭಾಗಗಳನ್ನು ಕೊಳ್ಳುವುದು ಬ್ಲಾಕಿಗೆ, ಹೆಸರಿಗಲ್ಲ.

ಬ್ಯಾಡ್ಜ್ ಹೇಳುವ ಸುಳ್ಳು

ಕಾರ್ಖಾನೆಯ ಹೆಸರುಗಳೂ ಪ್ರಾಮಾಣಿಕವಲ್ಲ. ಫೋರ್ಡ್ 302ರ ನಿಜವಾದ ಗಾತ್ರ 4,942 ಸಿಸಿ. ನಿಯಮದ ಪ್ರಕಾರ 4.9 ಆಗಬೇಕಿತ್ತು, ಮಸ್ಟ್ಯಾಂಗ್ ಮೇಲೆ ಬರೆದದ್ದು 5.0. ಫೋರ್ಡ್ ಟ್ರಕ್ಕುಗಳಲ್ಲಿ 4.9 ಎಂದು ಕರೆಸಿಕೊಂಡದ್ದು 300 ಘನ ಇಂಚಿನ ಇನ್‌ಲೈನ್ ಸಿಕ್ಸ್. ಫೋರ್ಡ್ 427ನ್ನು ಬೋರ್, ಸ್ಟ್ರೋಕ್ ಹಿಡಿದು ಲೆಕ್ಕ ಹಾಕಿದರೆ 425ರ ಸುತ್ತ ನಿಲ್ಲುತ್ತದೆ. ಷೆವ್ರೊಲೆ ಬಿಗ್ ಬ್ಲಾಕ್ (ದೊಡ್ಡ ಬ್ಲಾಕಿನ ವಿ8 ಕುಲ; ಚಿಕ್ಕದು ಸ್ಮಾಲ್ ಬ್ಲಾಕ್) 396 ಎಂಬುದು 1970ರಲ್ಲಿ 402 ಆಯಿತು, ಆದರೂ ಷೆವೆಲ್‌ನಲ್ಲಿ 396 ಎಂಬ ಹೆಸರೇ ಉಳಿಯಿತು. ಪಾಂಟಿಯಾಕ್ 350 ಅಸಲಿಗೆ 354.

ಇದಕ್ಕಿಂತ ದೊಡ್ಡ ಗೊಂದಲ ಜನರಲ್ ಮೋಟಾರ್ಸ್‌ನದು. ಅಲ್ಲಿ ಒಂದೇ ಕಾಲದಲ್ಲಿ ನಾಲ್ಕು ವಿಭಾಗಗಳು ನಾಲ್ಕು ಬೇರೆ ಬೇರೆ 350ಗಳನ್ನು ಮಾಡುತ್ತಿದ್ದವು:

ಷೆವ್ರೊಲೆ: 4.00 × 3.48
ಬ್ಯೂಕ್: 3.80 × 3.85
ಓಲ್ಡ್ಸ್‌ಮೊಬೀಲ್: 4.057 × 3.385
ಪಾಂಟಿಯಾಕ್: 3.875 × 3.75

ಒಂದರ ಹೆಡ್ ಇನ್ನೊಂದಕ್ಕೆ ಕೂರದು, ಪಿಸ್ಟನ್ ಕೂರದು, ಇನ್‌ಟೇಕ್ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಭಾಗ) ಕೂರದು. 1977ರಲ್ಲಿ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಷೆವ್ರೊಲೆ 350 ಹಾಕಿ ಮಾರಿದ್ದು ಕೊಂಡವರಿಗೆ ಗೊತ್ತಾದಾಗ ಮೊಕದ್ದಮೆಗಳೇ ನಡೆದವು. ಹೀಗಾಗಿ ಆ ವರ್ಷಗಳ ಕಾರಿನ ಬ್ರ್ಯಾಂಡ್ ನೋಡಿ ಎಂಜಿನ್ ಊಹಿಸುವುದೂ ಅಪಾಯ. ಕಣ್ಣಿನಿಂದಲೇ ಗುರುತಿಸಲು: ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಮುಂಭಾಗದಲ್ಲಿದ್ದರೆ ಬ್ಯೂಕ್. ಎಂಜಿನ್ನಿನ ಮುಂಭಾಗದಲ್ಲಿ ಎತ್ತರದ ಆಯಿಲ್ ತುಂಬುವ ಕೊಳವೆ ಇದ್ದರೆ ಓಲ್ಡ್ಸ್. ಬೆಲ್‌ಹೌಸಿಂಗ್ (ಎಂಜಿನ್ನಿಗೆ ಬೋಲ್ಟ್ ಆಗುವ ಗೇರ್‌ಬಾಕ್ಸಿನ ಮುಂದಿನ ಕವಚ) ವಿಷಯದಲ್ಲಿ ಬ್ಯೂಕ್, ಓಲ್ಡ್ಸ್, ಪಾಂಟಿಯಾಕ್ ಮೂರಕ್ಕೂ ಒಂದೇ ಬೋಲ್ಟ್ ವಿನ್ಯಾಸ, ಷೆವ್ರೊಲೆಗೆ ಪ್ರತ್ಯೇಕ. ಗೇರ್‌ಬಾಕ್ಸಿನ ಮೇಲಂಚಿನ ಮಧ್ಯದಲ್ಲಿ ತಗ್ಗು ಇದ್ದರೆ ಅದು ಮೊದಲ ಗುಂಪಿನದು. 200-4ಆರ್ ಗೇರ್‌ಬಾಕ್ಸಿನಲ್ಲಿ ಎರಡೂ ವಿನ್ಯಾಸದ ರಂಧ್ರಗಳಿರುತ್ತವೆ. ಅದು ಸಿಕ್ಕಿದರೆ ಅರ್ಧ ತಲೆನೋವು ಕಳೆಯಿತು.

ಲೀಟರ್ ಕಾಲದಲ್ಲೂ ಇದೇ ಕತೆ. 5.7 ಎಂದರೆ ಹಳೆಯ ಷೆವಿ 350 ಇರಬಹುದು, 1997ರ ಕಾರ್ವೆಟ್‌ನಲ್ಲಿ ಬಂದ ಎಲ್‌ಎಸ್1 (346 ಘನ ಇಂಚು) ಇರಬಹುದು, ಡಾಡ್ಜ್ ಹೆಮಿ (345) ಇರಬಹುದು. ಡಾಡ್ಜ್ ರ‍್ಯಾಮ್ 5.9 ಎಂದರೆ 360 ಪೆಟ್ರೋಲ್ ವಿ8 ಅಥವಾ ಕಮಿನ್ಸ್ ಆರು ಸಿಲಿಂಡರ್ ಡೀಸೆಲ್. ಎರಡೂ 360ರ ಆಸುಪಾಸು! ಫೋರ್ಡ್ 7.3 ಎಂದರೆ 90ರ ದಶಕದ ಪವರ್‌ಸ್ಟ್ರೋಕ್ ಡೀಸೆಲ್ ಅಥವಾ 2020ರ ಪೆಟ್ರೋಲ್ ವಿ8. ಷೆವಿಯ 4.3 ಎಂದರೆ ಬಹುತೇಕ ವಿ6, ಅದು 350ರಿಂದ ಎರಡು ಸಿಲಿಂಡರ್ ಕಳೆದ ಎಂಜಿನ್. ಆದರೆ 70ರ ದಶಕದಲ್ಲೂ 90ರ ದಶಕದಲ್ಲೂ 4.3 ವಿ8ಗಳು ಬಂದುಹೋಗಿವೆ. 1990ರ ಮಸ್ಟ್ಯಾಂಗ್ 5.0 ಮತ್ತು 2011ರ ಮಸ್ಟ್ಯಾಂಗ್ 5.0 ಎರಡೂ 302 ಘನ ಇಂಚು. ಮೊದಲನೆಯದು ವಾಲ್ವ್ ತೆರೆಯುವ ಕ್ಯಾಮ್ ಬ್ಲಾಕಿನೊಳಗಿರುವ ಪುಶ್‌ರಾಡ್, ಎರಡನೆಯದು ನಾಲ್ಕು ಓವರ್‌ಹೆಡ್ ಕ್ಯಾಮ್‌ಗಳ ಕೊಯೋಟಿ. ಎಲ್‌ಟಿ1 ಎಂಬ ಹೆಸರನ್ನಂತೂ ಷೆವ್ರೊಲೆ 1970, 1992, 2014ರಲ್ಲಿ ಮೂರು ಬೇರೆ ತಲೆಮಾರುಗಳಿಗೆ ಇಟ್ಟಿದೆ.

ಕೈಯಲ್ಲಿರುವುದು ಯಾವುದು?

1981ರ ನಂತರದ ವಾಹನಕ್ಕೆ 17 ಅಕ್ಷರಗಳ ವಿಐಎನ್ (ವಾಹನದ ಗುರುತಿನ ಸಂಖ್ಯೆ) ಇರುತ್ತದೆ. ಅದರ 8ನೆಯ ಅಕ್ಷರ ಎಂಜಿನ್, 10ನೆಯದು ಮಾಡೆಲ್ ವರ್ಷ. 8ನೆಯದನ್ನು ಒಂಟಿಯಾಗಿ ಓದಬೇಡಿ: ಒಂದೇ ಅಕ್ಷರವನ್ನು ಕಂಪನಿಗಳು ಬೇರೆ ವರ್ಷಗಳಲ್ಲಿ ಬೇರೆ ಎಂಜಿನ್‌ಗೆ ಬಳಸಿವೆ. ಷೆವ್ರೊಲೆ ಪಿಕಪ್‌ನಲ್ಲಿ ಕೆ ಇದ್ದರೆ ಥ್ರಾಟಲ್ ಬಾಡಿ ಇಂಜೆಕ್ಷನ್‌ನ 350, ಆರ್ ಇದ್ದರೆ 1996ರಲ್ಲಿ ಬಂದ ವೋರ್ಟೆಕ್ 350, ಟಿ ಇದ್ದರೆ 1999ರ ನಂತರದ 5.3, ಯು ಇದ್ದರೆ 6.0. 1972ರಿಂದ 1980ರವರೆಗಿನ ಜಿಎಂ (ಜನರಲ್ ಮೋಟಾರ್ಸ್) ಕಾರುಗಳಲ್ಲಿ 5ನೆಯ ಅಕ್ಷರ ನೋಡಬೇಕು.

ವಿಐಎನ್ ಹೇಳುವುದು ಕಾರ್ಖಾನೆಯಿಂದ ಹೊರಟಾಗ ಏನಿತ್ತು ಎಂಬುದನ್ನು. ನಲವತ್ತು ವರ್ಷದ ಟ್ರಕ್ಕಿನಲ್ಲಿ ಅದೇ ಎಂಜಿನ್ ಉಳಿದಿದೆ ಎಂಬ ಭರವಸೆ ಬೇಡ. ಆದ್ದರಿಂದ ಲೋಹದ ಮೇಲಿರುವುದನ್ನೇ ಓದಿ. ಷೆವಿ ಸ್ಮಾಲ್ ಬ್ಲಾಕಿನ ಕ್ಯಾಸ್ಟಿಂಗ್ ಸಂಖ್ಯೆ ಹಿಂಭಾಗದಲ್ಲಿ, ಚಾಲಕನ ಬದಿಯ ಬೆಲ್‌ಹೌಸಿಂಗ್ ಅಂಚಿನ ಮೇಲೆ ಉಬ್ಬಕ್ಷರದಲ್ಲಿರುತ್ತದೆ. ಗ್ರೀಸ್ ಕೆರೆದು, ವೈರ್ ಬ್ರಷ್ ಹಾಕಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. 3970010 ಎಂಬುದು 4 ಇಂಚು ಬೋರಿನ ಹಳೆಯ ಬ್ಲಾಕ್, 14093638 ಎಂಬುದು 1987ರ ನಂತರದ ರೋಲರ್ ಕ್ಯಾಮ್‌ಗೆ ತಯಾರಾದ 350. ಪ್ರಯಾಣಿಕನ ಬದಿಯ ಹೆಡ್‌ನ ಮುಂದಿರುವ ಸಪಾಟು ಜಾಗದಲ್ಲಿ ಕುಟ್ಟಿದ ಅಕ್ಷರಗಳಿರುತ್ತವೆ; ಕೊನೆಯ ಎರಡು ಮೂರು ಅಕ್ಷರ ಮೂಲ ವಾಹನವನ್ನು ತಿಳಿಸುತ್ತವೆ. ಆ ಜಾಗ ಕನ್ನಡಿಯಂತೆ ನುಣುಪಾಗಿದ್ದರೆ ಬ್ಲಾಕನ್ನು ಯಾರೋ ಮಿಷನ್ ಮಾಡಿಸಿದ್ದಾರೆ. ಡೆಕ್ ಎತ್ತರ (ಕ್ರ್ಯಾಂಕಿನ ಮಧ್ಯದಿಂದ ಬ್ಲಾಕಿನ ಮೇಲ್ಮೈವರೆಗಿನ ಅಳತೆ) ಅಳೆಯದೆ ಪಿಸ್ಟನ್ ಆರ್ಡರ್ ಮಾಡಬೇಡಿ.

ಫೋರ್ಡ್ ಕ್ಯಾಸ್ಟಿಂಗ್‌ನ ಮೊದಲ ಅಕ್ಷರ ದಶಕ: ಸಿ ಎಂದರೆ 60ರ ದಶಕ, ಡಿ 70ರದು, ಇ 80ರದು. ಎರಡನೆಯದು ಆ ದಶಕದ ವರ್ಷ. ಡಿ4ಟಿಇ ಎಂದು ಶುರುವಾದರೆ 1974ರ ಟ್ರಕ್ ವಿನ್ಯಾಸ. ಇದು ವಿನ್ಯಾಸ ರೂಪುಗೊಂಡ ವರ್ಷ. ಆ ಭಾಗ ಹಲವು ವರ್ಷ ಅಚ್ಚಾಗಿರಬಹುದು. 351ಗಳನ್ನು ಬೇರ್ಪಡಿಸುವುದು ಸುಲಭ: ವಾಲ್ವ್ ಕವರ್‌ಗೆ 6 ಬೋಲ್ಟ್ ಇದ್ದು, ರೇಡಿಯೇಟರಿನ ಮೇಲಿನ ಹೋಸ್ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಮುಂಭಾಗಕ್ಕೆ ಸೇರಿದ್ದರೆ ವಿಂಡ್ಸರ್. 8 ಬೋಲ್ಟ್ ಇದ್ದು, ಹೋಸ್ ನೇರ ಬ್ಲಾಕಿಗೇ ಇಳಿದಿದ್ದರೆ ಕ್ಲೀವ್‌ಲ್ಯಾಂಡ್ ಅಥವಾ 351ಎಂ. ಇವೆರಡರಲ್ಲಿ ಎಡವಿದರೆ ಪೆಟ್ಟು ಜೋರು: ಕ್ಲೀವ್‌ಲ್ಯಾಂಡ್‌ಗೆ ಸ್ಮಾಲ್ ಬ್ಲಾಕ್ ಬೆಲ್‌ಹೌಸಿಂಗ್ ಕೂರುತ್ತದೆ, 351ಎಂ ಮತ್ತು 400ಕ್ಕೆ ಬೇಕಾದದ್ದು 429/460ರದು.

ಒಂದೇ ಕುಲದೊಳಗಿನ ಜಗಳಗಳು

ಷೆವಿಗೆ "ಯಾವುದಕ್ಕೆ ಯಾವುದಾದರೂ ಕೂರುತ್ತದೆ" ಎಂಬ ಹೆಸರು ಬಂದದ್ದಕ್ಕೆ ಕಾರಣವಿದೆ. 1955ರ 265ರಿಂದ ಶುರುವಾದ ಸ್ಮಾಲ್ ಬ್ಲಾಕ್, ಬಿಗ್ ಬ್ಲಾಕ್, 90 ಡಿಗ್ರಿ ವಿ6 ಎಲ್ಲಕ್ಕೂ ಗೇರ್‌ಬಾಕ್ಸ್ ಬೋಲ್ಟ್ ವಿನ್ಯಾಸ ಒಂದೇ. ಆದರೆ ಬೋಲ್ಟ್ ಕೂತಿತು ಎಂದರೆ ಕೆಲಸ ಮುಗಿದಂತಲ್ಲ. ನಿಜವಾದ ತೊಂದರೆ ಕ್ರ್ಯಾಂಕಿನ ಹಿಂತುದಿಯಲ್ಲಿದೆ.

1985ರವರೆಗಿನ ಸ್ಮಾಲ್ ಬ್ಲಾಕ್‌ಗೆ ಹಿಂಬದಿ ಸೀಲ್ ಎರಡು ತುಂಡಿನದು, ಕ್ರ್ಯಾಂಕ್ ಫ್ಲ್ಯಾಂಜಿನ ಬೋಲ್ಟ್ ವೃತ್ತ 3.58 ಇಂಚು. 1986ರಿಂದ ಒಂದೇ ತುಂಡಿನ ಸೀಲ್, ಬೋಲ್ಟ್ ವೃತ್ತ 3.00 ಇಂಚು. ಹಳೆಯ ಫ್ಲೈವೀಲ್ ಹೊಸದಕ್ಕೆ ಹತ್ತುವುದೇ ಇಲ್ಲ, ಅದು ಒಳ್ಳೆಯದೇ: ಹೊಸ ಕ್ರ್ಯಾಂಕಿಗೆ ತೂಕ ಅಂಟಿಸಿದ ಫ್ಲೈವೀಲ್ ಅಥವಾ ಫ್ಲೆಕ್ಸ್‌ಪ್ಲೇಟ್ (ಆಟೋಮ್ಯಾಟಿಕ್‌ನಲ್ಲಿ ಫ್ಲೈವೀಲ್ ಬದಲಿರುವ ತೆಳು ಚಕ್ರ) ಬೇಕು. ಅಪಾಯ ಇರುವುದು ಬೋಲ್ಟ್ ಕೂರುವ ಕಡೆ. ಹಳೆಯ ಕಾಲದ 400 ಸ್ಮಾಲ್ ಬ್ಲಾಕ್ ಹೊರಗಿನಿಂದ ಬ್ಯಾಲೆನ್ಸ್ ಆದದ್ದು. ಅದರ ಡ್ಯಾಂಪರ್ (ಕ್ರ್ಯಾಂಕಿನ ಮುಂತುದಿಯ ಚಕ್ರ) ಮತ್ತು ಫ್ಲೆಕ್ಸ್‌ಪ್ಲೇಟ್ ಎರಡರಲ್ಲೂ ತೂಕ ಇರುತ್ತದೆ. ಅದೇ ಫ್ಲೆಕ್ಸ್‌ಪ್ಲೇಟ್ ಹಳೆಯ 350ಕ್ಕೆ ಸಲೀಸಾಗಿ ಹತ್ತುತ್ತದೆ, ಮೊದಲ ಸ್ಟಾರ್ಟ್‌ಗೇ ಡ್ಯಾಶ್‌ಬೋರ್ಡ್ ನಡುಗುತ್ತದೆ. ಹಾಗೇ ಓಡಿಸಿದರೆ ಮೇನ್ ಬೇರಿಂಗ್ ತಿನ್ನುತ್ತದೆ, ಫ್ಲೆಕ್ಸ್‌ಪ್ಲೇಟ್ ಬೋಲ್ಟ್‌ಗಳ ಸುತ್ತ ಬಿರಿಯುತ್ತದೆ. ಬಿಗ್ ಬ್ಲಾಕ್‌ನಲ್ಲೂ ಇದೇ ಭೇದ: 396, 402, 427 ಒಳಗಿನಿಂದ, 454 ಹೊರಗಿನಿಂದ.

ಮೇನ್ ಜರ್ನಲ್ (ಬೇರಿಂಗ್‌ನಲ್ಲಿ ಕೂರುವ ಕ್ರ್ಯಾಂಕಿನ ಭಾಗ) ವ್ಯಾಸ ಇನ್ನೊಂದು ಬಲೆ. 1967ರವರೆಗಿನ 283, 327ಗಳಲ್ಲಿ 2.30 ಇಂಚು, 350ರಲ್ಲಿ 2.45, 400ರಲ್ಲಿ 2.65. 400ರ ಕ್ರ್ಯಾಂಕನ್ನು 350ಕ್ಕೆ ಹಾಕಬೇಕಾದರೆ ಜರ್ನಲ್‌ಗಳನ್ನು ತಿರುಗಿಸಿ ಇಳಿಸಲೇಬೇಕು. 350ರ ಹೆಡ್ 400ಕ್ಕೆ ಹಾಕುವುದಾದರೆ ಹೆಡ್‌ನಲ್ಲಿ ಹಬೆ ರಂಧ್ರಗಳನ್ನು ಕೊರೆಯಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಂಡ ಸಿಲಿಂಡರ್‌ಗಳ ಮೇಲೆ ಹಬೆ ನಿಂತು ಅಲ್ಲಿ ಕಾವು ಏರುತ್ತದೆ. 305ಕ್ಕೆ 2.02 ಇಂಚು ವಾಲ್ವ್ ಇರುವ ಹೆಡ್ ಹಾಕಿದರೆ 3.736 ಬೋರಿನ ಗೋಡೆಗೇ ವಾಲ್ವ್ ಬಡಿಯುತ್ತದೆ. ಇನ್‌ಟೇಕ್ ವಿಷಯಕ್ಕೆ ಬಂದರೆ 1987ರಿಂದ ಕಬ್ಬಿಣದ ಹೆಡ್‌ಗಳಲ್ಲಿ ಮಧ್ಯದ ನಾಲ್ಕು ಬೋಲ್ಟ್‌ಗಳ ಕೋನ ಬೇರೆ. ವೋರ್ಟೆಕ್ ಹೆಡ್‌ಗೆ 12ರ ಬದಲು 8 ಬೋಲ್ಟ್, ಅದಕ್ಕೆಂದೇ ಮಾಡಿದ ಇನ್‌ಟೇಕ್ ಬೇಕು.

ಫೋರ್ಡ್ 302ರಲ್ಲಿ ಬ್ಯಾಲೆನ್ಸ್ 80ರ ದಶಕದ ಆರಂಭದವರೆಗೆ 28 ಔನ್ಸ್-ಇಂಚು, ನಂತರ 50. 351 ವಿಂಡ್ಸರ್ ಯಾವಾಗಲೂ 28. ಡ್ಯಾಂಪರ್ ಒಂದು ಕಾಲದ್ದು, ಫ್ಲೈವೀಲ್ ಇನ್ನೊಂದು ಕಾಲದ್ದು ಹಾಕುವುದು ಇಲ್ಲಿ ಅತಿ ಸಾಮಾನ್ಯ ತಪ್ಪು. 351 ವಿಂಡ್ಸರ್ ಹೆಡ್ 302ಕ್ಕೆ ಕೂರುತ್ತದೆ, ಆದರೆ 351ರ ಹೆಡ್ ಬೋಲ್ಟ್ 1/2 ಇಂಚು, 302ರದು 7/16. ನಡುವಿನ ಸಡಿಲಕ್ಕೆ ಬುಷ್ ಬೇಕು. ಇನ್‌ಟೇಕ್ ಮಾತ್ರ ಅದಲುಬದಲು ಆಗದು: 351ರ ಡೆಕ್ ಸುಮಾರು 1.3 ಇಂಚು ಎತ್ತರ. 1964ರವರೆಗಿನ 289ಕ್ಕೆ ಐದು ಬೋಲ್ಟ್ ಬೆಲ್‌ಹೌಸಿಂಗ್, ನಂತರದ್ದಕ್ಕೆ ಆರು.

ಕ್ರೈಸ್ಲರ್ ಬಗ್ಗೆ ನೆನಪಿಡಬೇಕಾದದ್ದು ಕಡಿಮೆ. 318 ಒಳಗಿನಿಂದ ಬ್ಯಾಲೆನ್ಸ್, 360 ಹೊರಗಿನಿಂದ. ಆಟೋಮ್ಯಾಟಿಕ್‌ನಲ್ಲಿ ಆ ತೂಕ ಟಾರ್ಕ್ ಕನ್ವರ್ಟರಿನ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಎಣ್ಣೆ ಜೋಡಣೆಯ) ಮೇಲೆ ಅಂಟಿರುತ್ತದೆ, ಮತ್ತು ಹಳೆಯ 360ರ ತೂಕ ಮ್ಯಾಗ್ನಮ್ 5.9ರದಕ್ಕೆ ಸಮವಲ್ಲ. 727 ಗೇರ್‌ಬಾಕ್ಸ್ ಸ್ಮಾಲ್ ಬ್ಲಾಕ್, ಬಿಗ್ ಬ್ಲಾಕ್, ಸ್ಲ್ಯಾಂಟ್ ಸಿಕ್ಸ್‌ಗೆ ಬೇರೆ ಬೇರೆ ಕವಚದಲ್ಲಿ ಬಂದಿದೆ. 383 ಮತ್ತು 440ಕ್ಕೆ ಗೇರ್‌ಬಾಕ್ಸ್ ಒಂದೇ ಆದರೂ 440ರ ಡೆಕ್ ಎತ್ತರ, ಇನ್‌ಟೇಕ್ ಬೇರೆ.

ಜೀಪ್ 4.0ಕ್ಕೆ ಮಾತ್ರ ಈ ಲೆಕ್ಕ ಉಪಕಾರ ಮಾಡುತ್ತದೆ. ಹಳೆಯ 258ರ 3.895 ಸ್ಟ್ರೋಕಿನ ಕ್ರ್ಯಾಂಕನ್ನು 4.0 ಬ್ಲಾಕಿನಲ್ಲಿ ಕೂರಿಸಿ ಬೋರ್ 0.030 ಕೊರೆದರೆ 280 ಘನ ಇಂಚು, 4.6 ಲೀಟರ್.

ಎಲ್‌ಎಸ್ ಎಂಬ ಆಮಿಷ

ಜಿಎಂನ ಎಲ್‌ಎಸ್1ರ ಕುಲವನ್ನೇ ಎಲ್‌ಎಸ್ ಎನ್ನುತ್ತಾರೆ; ಟ್ರಕ್ಕಿನ 4.8, 5.3, 6.0 ಎಲ್ಲವೂ ಅದೇ ಮನೆತನ. 4.8 ಮತ್ತು 5.3ರ ಬೋರ್ ಒಂದೇ, 3.78, ಸ್ಟ್ರೋಕ್ 3.268 ಮತ್ತು 3.622. ಬ್ಲಾಕಿನ ಮೇಲೂ ಎರಡನ್ನೂ ಸೇರಿಸಿ "4.8/5.3" ಎಂದೇ ಬರೆದಿರುತ್ತದೆ, ಆದ್ದರಿಂದ ವಿಐಎನ್ ಸಿಗದ ಎಂಜಿನ್ ಕೊಳ್ಳುವಾಗ ಪ್ಲಗ್ ರಂಧ್ರದಿಂದ ಬೋರ್‌ಸ್ಕೋಪ್ ಇಳಿಸಿ. ಷೆವಿ ಸ್ಮಾಲ್ ಬ್ಲಾಕಿನ ಮೂರನೆಯ ತಲೆಮಾರಿನಲ್ಲಿ (ಮೊದಲ ಎಲ್‌ಎಸ್‌ಗಳಲ್ಲಿ) ಪಿಸ್ಟನ್ ತಲೆ ಸಪಾಟಾಗಿದ್ದರೆ 4.8, ತಟ್ಟೆಯಂತೆ ತಗ್ಗಿದ್ದರೆ 5.3.

ಇಲ್ಲಿ ಜಗಳ ಸೆನ್ಸರ್‌ಗಳದು. ಮೂರನೆಯ ತಲೆಮಾರಿನ ಕ್ರ್ಯಾಂಕಿನಲ್ಲಿ 24 ಹಲ್ಲಿನ ಚಕ್ರ, ಸೆನ್ಸರ್ ಸಾಮಾನ್ಯವಾಗಿ ಕಪ್ಪು. ನಾಲ್ಕನೆಯದರಲ್ಲಿ 58 ಹಲ್ಲು, ಸೆನ್ಸರ್ ಬೂದು ಬಣ್ಣ. 24ರ ಕಂಪ್ಯೂಟರಿಗೆ 58ರ ಎಂಜಿನ್ ಜೋಡಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಕಿಡಿ ಬರುವುದಿಲ್ಲ. ಕ್ಯಾಮ್ ಸೆನ್ಸರ್ ಕೂಡ ಹಿಂದಿನಿಂದ ಮುಂದಿನ ಕವರ್‌ಗೆ ಸರಿದಿದೆ, ನಾಕ್ ಸೆನ್ಸರ್‌ಗಳು ಇನ್‌ಟೇಕ್ ಕೆಳಗಿನಿಂದ ಬ್ಲಾಕಿನ ಪಕ್ಕಕ್ಕೆ ಬಂದಿವೆ. ವೈರಿಂಗ್ ಹಾರ್ನೆಸ್ ಮತ್ತು ಕಂಪ್ಯೂಟರನ್ನು ಎಂಜಿನ್ ಜೊತೆಗೇ ಕೊಳ್ಳುವುದು ಅತಿ ಅಗ್ಗದ ದಾರಿ.

ಹಳೆಯ ಷೆವಿ ಗೇರ್‌ಬಾಕ್ಸ್ ಎಲ್‌ಎಸ್‌ಗೆ ಒಂದು ಬೋಲ್ಟ್ ಕಡಿಮೆಯಾಗಿ ಕೂರುತ್ತದೆ, ಅದು ತೊಂದರೆಯಲ್ಲ. ಆದರೆ ಎಲ್‌ಎಸ್ ಕ್ರ್ಯಾಂಕಿನ ಫ್ಲ್ಯಾಂಜ್ 0.400 ಇಂಚು ಮುಂದಿದೆ, ನಡುವೆ ಸ್ಪೇಸರ್ ಬೇಕು. 1999 ಮತ್ತು 2000ದ ಕಬ್ಬಿಣದ ಹೆಡ್‌ನ 6.0ಕ್ಕೆ ಅದೇ 0.400 ಇಂಚು ಉದ್ದದ ಕ್ರ್ಯಾಂಕ್ ಇರುವುದರಿಂದ ಸ್ಪೇಸರ್ ಬೇಡ. ಟ್ರಕ್ಕಿನ ಆಳವಾದ ಆಯಿಲ್ ಪ್ಯಾನ್ ಕಾರಿನ ಕ್ರಾಸ್‌ಮೆಂಬರ್‌ಗೆ ಬಡಿಯುತ್ತದೆ. ಪ್ಯಾನ್ ಬದಲಿಸಿದರೆ ಆಯಿಲ್ ಹೀರುವ ಪಿಕಪ್ ಟ್ಯೂಬನ್ನೂ ಬದಲಿಸಿ.

ಮಾಲಿನ್ಯ ನಿಯಮ

ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ನಿಲುವಿನಂತೆ, ಬದಲಿ ಎಂಜಿನ್ ವಾಹನದ ಮಾಡೆಲ್ ವರ್ಷದ್ದೇ ಆಗಿರಬೇಕು ಅಥವಾ ಅದಕ್ಕಿಂತ ಹೊಸದು, ಮತ್ತು ಆ ಎಂಜಿನ್ ಜೊತೆ ಬಂದ ಕ್ಯಾಟಲಿಸ್ಟ್, ಸೆನ್ಸರ್ ಎಲ್ಲವೂ ಜೊತೆಗೇ ಬರಬೇಕು. 1996ರ ನಂತರದ ಕಾರಿನಲ್ಲಿ ಒಬಿಡಿ-2 (ಎಂಜಿನ್ ದೋಷಗಳನ್ನು ಪತ್ತೆ ಮಾಡುವ ಕಂಪ್ಯೂಟರ್ ವ್ಯವಸ್ಥೆ) ಕೆಲಸ ಮಾಡುತ್ತಿರಬೇಕು. ಭಾರಿ ಟ್ರಕ್ ವರ್ಗಕ್ಕೆ ಪ್ರಮಾಣೀಕರಿಸಿದ ಎಂಜಿನ್ನನ್ನು ಹಗುರ ವಾಹನಕ್ಕೆ ಹಾಕುವಂತಿಲ್ಲ, ಲೀಟರ್ ಒಂದೇ ಆಗಿದ್ದರೂ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ರೆಫರಿ ಪರೀಕ್ಷಿಸಿ ಲೇಬಲ್ ಅಂಟಿಸಬೇಕು. ಅಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ವಾಹನಗಳಿಗೆ ಸ್ಮಾಗ್ (ಹೊಗೆ) ತಪಾಸಣೆ ಇಲ್ಲ.

ಜೋಡಿಸುವಾಗ

ಮೊದಲು ಫ್ಲೈವೀಲ್ ಹಲ್ಲು ಎಣಿಸಿ. ಷೆವಿಯಲ್ಲಿ 153 ಹಲ್ಲಿನದಕ್ಕೆ 12.75 ಇಂಚು, ಸ್ಟಾರ್ಟರ್ ಬೋಲ್ಟ್‌ಗಳು ನೇರ ಸಾಲಿನಲ್ಲಿ. 168ರದಕ್ಕೆ 14 ಇಂಚು, ಬೋಲ್ಟ್ ಓರೆ. ಸ್ಟಾರ್ಟರ್ ಹಲ್ಲಿಗೂ ರಿಂಗ್ ಗೇರ್‌ಗೂ ನಡುವೆ ಸಾಮಾನ್ಯ ಪೇಪರ್ ಕ್ಲಿಪ್ ತಂತಿಯಷ್ಟು, ಸುಮಾರು 0.035 ಇಂಚು ಸಡಿಲ ಇರಲಿ. ಎಂಜಿನ್ ಸ್ಟಾರ್ಟ್ ಆಗುವ ಮೊದಲೇ ಕೀರಲು ಸದ್ದು ಬಂದರೆ ಸಡಿಲ ಹೆಚ್ಚು. ಸ್ಟಾರ್ಟ್ ಆದ ಮೇಲೆ ಕೀ ಬಿಡುವಾಗ ಬಂದರೆ ಕಡಿಮೆ, ಶಿಮ್ (ತೆಳು ತಗಡು) ಹಾಕಿ.

ಟಾರ್ಕ್ ಕನ್ವರ್ಟರನ್ನು ಗೇರ್‌ಬಾಕ್ಸ್‌ನಲ್ಲಿ ತಿರುಗಿಸುತ್ತಾ ತಳ್ಳಿ, ಅದು ಮೆಟ್ಟಿಲು ಮೆಟ್ಟಿಲಾಗಿ ಒಳಸರಿಯಬೇಕು. ನಂತರ ಬೆಲ್‌ಹೌಸಿಂಗ್ ಕೈಯ ಒತ್ತಡದಲ್ಲೇ ಬ್ಲಾಕಿಗೆ ಪೂರ್ತಿ ತಾಗಬೇಕು. ತಾಗದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಗೇರ್‌ಬಾಕ್ಸಿನ ಪಂಪ್ ಮುರಿಯುತ್ತದೆ. ತಾಗಿದ ಮೇಲೆ ಕನ್ವರ್ಟರ್ ಮತ್ತು ಫ್ಲೆಕ್ಸ್‌ಪ್ಲೇಟ್ ನಡುವೆ 1/8ರಿಂದ 3/16 ಇಂಚು ಅಂತರ ಉಳಿದಿರಬೇಕು. ಆಟೋಮ್ಯಾಟಿಕ್ ವಾಹನದ ಎಂಜಿನ್ನಿಗೆ ಕ್ಲಚ್ ಹಾಕುವವರು ಕ್ರ್ಯಾಂಕಿನ ತುದಿಯಲ್ಲಿ ಪೈಲಟ್ ಬೇರಿಂಗ್‌ಗೆ (ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಬೇರಿಂಗ್) ರಂಧ್ರ ಪೂರ್ತಿ ಕೊರೆದಿದೆಯೇ ನೋಡಿ. ಕ್ರೈಸ್ಲರ್‌ಗಳಲ್ಲಿ ಹಲವೊಮ್ಮೆ ಇರುವುದಿಲ್ಲ.

ವಾಟರ್ ಪಂಪ್ ತಿರುಗುವ ದಿಕ್ಕನ್ನು ಹೆಚ್ಚಿನವರು ಮರೆಯುತ್ತಾರೆ. ಸರ್ಪೆಂಟೈನ್ ಬೆಲ್ಟ್‌ನ ಹಲವು ಎಂಜಿನ್‌ಗಳಲ್ಲಿ ಪಂಪ್ ಉಲ್ಟಾ ತಿರುಗುತ್ತದೆ. ಅದನ್ನು ವಿ-ಬೆಲ್ಟ್‌ಗೆ ಹಾಕಿದರೆ ನೀರು ಅಷ್ಟಿಷ್ಟು ಹರಿದು, ನಿಂತಲ್ಲಿ ಸರಿಯಾಗಿದ್ದ ಎಂಜಿನ್ ಹೈವೇಯಲ್ಲಿ ಬಿಸಿಯೇರುತ್ತದೆ. ರೇಡಿಯೇಟರ್ ಬದಲಿಸಿ ಬದಲಿಸಿ ಸೋತವರ ಕಾರಿನಲ್ಲಿ ಕಾರಣ ಹಲವು ಸಲ ಇದೇ.

ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಸರದಿ) ಹಳೆಯ ಫೋರ್ಡ್ 302ಕ್ಕೆ 1-5-4-2-6-3-7-8, 351ಕ್ಕೂ 5.0 ಎಚ್‌ಒಗೂ 1-3-7-2-6-5-4-8. ಇದನ್ನು ತೀರ್ಮಾನಿಸುವುದು ಕ್ಯಾಮ್, ಬ್ಲಾಕ್ ಅಲ್ಲ. ಡ್ಯಾಂಪರ್ ಬದಲಾಗಿದ್ದರೆ ಟೈಮಿಂಗ್ ಗುರುತನ್ನು ನಂಬದೆ, ಪಿಸ್ಟನ್ ಸ್ಟಾಪ್ ಹಾಕಿ ನಿಜವಾದ ಮೇಲ್ತುದಿ ಹುಡುಕಿ ಹೊಸ ಗುರುತು ಹಾಕಿ.

ಸ್ಟಾರ್ಟ್ ಆದ ಮೇಲೆ ನಡುಕ ಬಂದರೆ ಎಂಜಿನ್ ಇಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಕನ್ವರ್ಟರಿನ ಬೋಲ್ಟ್‌ಗಳನ್ನು ಬಿಚ್ಚಿ, ಅದನ್ನು ಹಿಂದಕ್ಕೆ ಸರಿಸಿ, ಎಂಜಿನ್ ಮಾತ್ರ ಕೆಲವು ಸೆಕೆಂಡು ಓಡಿಸಿ. ನಡುಕ ಹೋದರೆ ತಪ್ಪು ಕನ್ವರ್ಟರಿನದು (ತೂಕವೇ ಕನ್ವರ್ಟರಿನ ಮೇಲಿರುವ ಕ್ರೈಸ್ಲರ್ 360ಕ್ಕೆ ಈ ಪರೀಕ್ಷೆ ಅನ್ವಯಿಸದು). ಉಳಿದರೆ ಡ್ಯಾಂಪರ್ ಮತ್ತು ಫ್ಲೆಕ್ಸ್‌ಪ್ಲೇಟಿನ ತೂಕವನ್ನು ಕ್ಯಾಸ್ಟಿಂಗ್ ಸಂಖ್ಯೆಯ ಜೊತೆ ಮತ್ತೆ ತಾಳೆ ನೋಡಿ.